ಮಾಳಿಗೆಗೆ ನಾನು ಹಾಕಿಸಿದ ಎರೆಮಣ್ಣು

ಎಪ್ಪತ್ತರ ದಶಕದ ಮಾತು. ಬಿಜಾಪುರದ ಸಿದ್ಧೇಶ್ವರ ಗುಡಿ ಹತ್ತಿರ ನಮ್ಮದೊಂದು ಮಾಳಿಗೆ ಮನೆ, ಅಂದರೆ ಚಪ್ಪಟೆ ಮಣ್ಣಿನ ಚಾವಣಿಯದು. ಅಪ್ಪ ತೀರಿಕೊಂಡ ಮೇಲೆ ಮನೆಗೆ ಹಿರಿಯ ನಾನೇ, ಮೇಲಾಗಿ ಸರಕಾರಿ ಗುಮಾಸ್ತ. ತಂಗಿ ನೀಲವ್ವನಿಗೆ ಬಬಲೇಶ್ವರದ ಹುಡುಗನೊಂದಿಗೆ ಮಾತು ನಡೆದಿತ್ತು. ಹುಡುಗ ಅವಳ ಮನಸ್ಸಿಗೂ ಬಂದಿದ್ದ. ಅವನ ತಂದೆ ಬಂದು ನಮ್ಮ ಮನೆತನ ನೋಡುವುದೊಂದೇ ಬಾಕಿ.

ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿಸುವುದು ನಮ್ಮ ಕಡೆಯ ಪದ್ಧತಿ. ಎಲ್ಲರೂ ಹಾಕಿಸುವುದು ಹಾಳುಮಣ್ಣು, ಅಂದರೆ ಬಿದ್ದ ಹಳೆಯ ಗೋಡೆಗಳ ಬಿಳಿ ಮಣ್ಣು. ನಾನು ದೀರ್ಘವಾಗಿ ವಿಚಾರ ಮಾಡಿದೆ. ಹೊಲದ ಕಪ್ಪು ಎರೆಮಣ್ಣು ನೀರನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಹಿಡಿದಿಟ್ಟ ನೀರು ಕೆಳಗೆ ಹೇಗೆ ಇಳಿದೀತು? ಭೂತನಾಳದ ಹೊಲದಿಂದ ಎರಡು ಚಕ್ಕಡಿ ಗಾಡಿ ಮಣ್ಣು ತರಿಸಿಯೇ ಬಿಟ್ಟೆ.

“ಅಣ್ಣಾ, ಎರಿ ಬಿಸಲಿಗೆ ಬಿರಿತೈತಿ. ಬ್ಯಾಡ,” ಎಂದಳು ನೀಲವ್ವ.

“ನೀ ಸುಮ್ನಿರು. ನನಗ ತಿಳಿತೈತಿ.”

ಬಿಸಿಲಿಗೆ ಮಣ್ಣು ಬಿರಿಯಿತು. ಮಳೆ ಬಂದು, ಬಿರುಕಿನಿಂದ ನೀರು ನೇರ ಪಡಸಾಲೆಗೆ ಇಳಿಯಿತು. ಆದರೂ ನನ್ನ ಶಾಸ್ತ್ರ ಸುಳ್ಳಾಗಲಿಲ್ಲ. ಎರೆಮಣ್ಣು ನೀರು ಹಿಡಿದಿಟ್ಟಿತ್ತು. ಊರಲ್ಲಿ ಮಳೆ ನಿಂತ ಮೇಲೂ ನಮ್ಮ ಮನೆಯೊಳಗೆ ನಾಲ್ಕು ದಿನ ಮಳೆ!

ಗೋಡೆ ತುಂಬ ಹಸಿರು, ಕಪ್ಪು ಬೂಸರು ಹತ್ತಿತು. ಅಷ್ಟರಲ್ಲಿ ಬೀಗರ ಕಾಗದ ಬಂತು, ಸೋಮವಾರ ಬರುತ್ತೇವೆ ಎಂದು. ಗಾಬರಿಯಲ್ಲಿ ಹಸಿ ಗೋಡೆಗೇ ಸುಣ್ಣ ಬಳಿದೆ. ಎರಡು ದಿನದಲ್ಲಿ ಬೂಸರು ಸುಣ್ಣವನ್ನೂ ದಾಟಿ ಹೊರಗೆ ಬಂತು.

“ಆದದ್ದ ಹೇಳಿಬಿಡ್ರಿ ಅವರಿಗೆ,” ಎಂದಳು ಹೆಂಡತಿ ಕಮಲಾ. ನಾನು ಮೊಳೆ ಹೊಡೆದು ಗೋಡೆಗೆ ಜಮಖಾನೆ ತೂಗುಹಾಕಿದೆ.

ಹುಡುಗನ ತಂದೆ ಶಂಕ್ರೆಪ್ಪನವರು ಬಂದು ಸರಿಯಾಗಿ ಅದಕ್ಕೇ ಬೆನ್ನು ಕೊಟ್ಟು ಕೂತರು. ಚಹಾ ತಂದ ನೀಲವ್ವ ಜಮಖಾನೆಯ ಮೊಳೆಯನ್ನೇ ನೋಡುತ್ತಿದ್ದಳು. ಅದನ್ನು ಕಂಡು ನನಗೆ ಸಂಕಟವಾಯಿತು.

“ಏನೋ ವಾಸನಿ ಬರಾಕತ್ತೈತಲ್ರಿ?” ಎಂದರು ಹಿರಿಯರು.

“ಊದಿನಕಡ್ಡಿರಿ. ಹೊಸಾ ನಮೂನಿ,” ಎಂದೆ.

ಮೊಳೆ ಕಿತ್ತುಬಂತು. ಜಮಖಾನೆ, ಅದರ ಹಿಂದೆಯೇ ಗೋಡೆಯ ಗಿಲಾವು, ಎರಡೂ ಅವರ ತಲೆಯ ಬಿಳಿ ಪಟಗದ ಮೇಲೆ ಬಿದ್ದವು. ಅವರು ಎದ್ದು, ಗೋಡೆ ನೋಡಿ, ನಿಚ್ಚಣಿಕೆ ಹತ್ತಿದರು. ತಂಗಿಯ ಬಾಳು ನನ್ನ ಕೈಯಾರೆ ಹಾಳಾಯಿತು ಎಂದುಕೊಳ್ಳುತ್ತ ನಾನೂ ಹತ್ತಿದೆ. ಮಾಳಿಗೆಯ ಮೇಲೆ ಗೇಣುದ್ದ ಜೋಳ ಎದ್ದಿತ್ತು.

“ಬೆಳಿ ಚೊಲೊ ಬಂದೈತಿ,” ಎಂದರು ಶಂಕ್ರೆಪ್ಪನವರು. “ಈ ಮಣ್ಣ ಯಾರು ಹಾಕಿಸಿದ್ರಿ?”

“ಚಕ್ಕಡಿಯವ ತಪ್ಪಿ…” ಎಂದು ಶುರುಮಾಡಿದೆ.

“ಅಣ್ಣನ ಹಾಕಿಸ್ಯಾನ್ರಿ,” ಎಂದಳು ಕೆಳಗಿನಿಂದ ನೀಲವ್ವ. “ಎರಿ ಬಿರಿತೈತಿ ಅಂತ ಹೇಳಿದ್ನಿರಿ. ಕೇಳಲಿಲ್ಲ.”

ಹಿರಿಯರು ಕೆಳಗಿಳಿದರು. “ಹುಡುಗಿಗೆ ಮಣ್ಣ ತಿಳಿತೈತಿ, ಸುಳ್ಳ ಹೇಳಂಗಿಲ್ಲ. ನಮಗ ಒಪ್ಪಿಗಿ. ಆದ್ರ ಒಂದ ಮಾತ ನಡಸಿ ಕೊಡ್ರಿ.”

“ಹೇಳ್ರಿ,” ಎಂದೆ.

“ಮದುವಿ ಮುಗಿಯೂತನಕ ನೀವು ಯಾವ ಕೆಲಸಕ್ಕೂ ಕೈ ಹಚ್ಚಬ್ಯಾಡ್ರಿ.”

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಕಮಲಾ ಹೇಳಿದಳು: “ಅದಕ್ಕ ನಾ ಜಾಮೀನರಿ.”

ಮದುವೆಯ ಹಂದರ ಹಾಕುವ ದಿನ ಮನೆಯವರು ನನ್ನನ್ನು ಲಗ್ನಪತ್ರಿಕೆ ಕೊಡಲು ಟಿಕೋಟಾಕ್ಕೆ ಕಳಿಸಿದರು. ಸಂಜೆ ಬಂದು ನೋಡಿದೆ. ಎಲ್ಲ ಕೆಲಸ ಬಹಳ ಚೆನ್ನಾಗಿ ಆಗಿತ್ತು.