ಭಾವ ತೂಗಿದ ಹಿಮಾಲಯ

ಪೀಣ್ಯ ಬಿಟ್ಟು ಅಲ್ಲಾಡದೆ ಹಿಮಾಲಯ ಹತ್ತಿ ಇಳಿದವರು ಯಾರಾದರೂ ಇದ್ದರೆ ಅದು ನಮ್ಮ ಭಾವ ಒಬ್ಬರೇ! ಎರಡು ವರ್ಷದಿಂದ ಹತ್ತುತ್ತಲೇ ಇದ್ದಾರೆ. ರೈಲಿನ ಟಿಕೆಟ್ ಮಾತ್ರ ಇನ್ನೂ ಮಾಡಿಸಿಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ಗೇರ್ ಮಾಡುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಸರಿ, ಮಾಲನ್ನು ಕೆಂಪು ಡಬ್ಬಿಗೆ ಹಾಕಿ ಕೈತೊಳೆದುಕೊಳ್ಳುವುದೇ ಅವರ ಉದ್ಯೋಗ. ಅಂಥವರ ತಲೆಗೆ ಯಾವುದೋ ವಿಡಿಯೋ ನೋಡಿ ಹಿಮಾಲಯ ಹೊಕ್ಕಿತು. ಒಂದು ಹಳ್ಳಿಯಿಂದ ಹೊರಟು, ಬೆನ್ನಿಗೆ ಚೀಲ ಹಾಕಿಕೊಂಡು ಹನ್ನೆರಡು ದಿನ ಹಿಮದ ಬೆಟ್ಟಗಳಲ್ಲಿ ನಡೆದು, ಹೋದ ದಾರಿ ಮತ್ತೆ ತುಳಿಯದೆ, ದೊಡ್ಡದೊಂದು ಸುತ್ತು ಹಾಕಿ ಅದೇ ಹಳ್ಳಿಗೆ ವಾಪಸ್ ಬರಬೇಕಂತೆ.

"ಹೊರಟಲ್ಲಿಗೇ ಬರೋದಾದ್ರೆ ಅಷ್ಟು ದೂರ ಹೋಗೋದ್ಯಾಕ್ರೀ? ಇಲ್ಲೇ ಕೂತ್ಕೊಳ್ಳಿ," ಅಂದಳು ಅಕ್ಕ.

ಭಾವ ಕೂರಲಿಲ್ಲ. ಅಡುಗೆಮನೆಯ ಪುಟ್ಟ ತಕ್ಕಡಿಯನ್ನು ಹಾಲ್‌ಗೆ ತಂದಿಟ್ಟುಕೊಂಡು, ಚೀಲ ಹಗುರ ಮಾಡಲು ಒಂದೊಂದೇ ಸಾಮಾನು ತೂಗತೊಡಗಿದರು. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಅರ್ಧಕ್ಕೆ ತುಂಡಾಯಿತು. ಟವೆಲ್ಲು ಕರವಸ್ತ್ರವಾಯಿತು. ಸ್ಟೀಲ್ ಚಮಚವನ್ನು ಕಾರ್ಖಾನೆಗೆ ಒಯ್ದು ಡ್ರಿಲ್ಲಿಂಗ್ ಮೆಷಿನ್ನಿಗೆ ಕೊಟ್ಟು ತೂತು ಕೊರೆಸಿದರು. ಹಿಡಿಗೆ ಕೊರೆಸಿದ್ದರೆ ಹೇಗೋ ನಡೆಯುತ್ತಿತ್ತು, ಇವರು ಬಾಯಿಗೂ ಕೊರೆಸಿದ್ದರು!

"ಭಾವ, ಇದ್ರಲ್ಲಿ ಸಾರು ನಿಲ್ಲಲ್ವಲ್ಲ?" ಅಂದೆ.

"ಬೆಟ್ಟದ ಮೇಲೆ ಯಾರೋ ನಿಂಗೆ ಸಾರು ಮಾಡಿಡ್ತಾರೆ?"

ಮಾತಿಗೆ ಸೋಲುವ ಪೈಕಿಯೇ ಅಲ್ಲ ಬಿಡಿ. ಇಷ್ಟೆಲ್ಲ ಗ್ರಾಂ ಲೆಕ್ಕದಲ್ಲಿ ಕೆತ್ತಿದವರು ಅಭ್ಯಾಸಕ್ಕೆ ಹೊತ್ತದ್ದು ಎಷ್ಟು ಅಂತೀರಿ? ಹದಿನೆಂಟು ಕಿಲೋ ಸೋನಾಮಸೂರಿ! ಬೆಳಗಾದರೆ ಅದನ್ನು ಬೆನ್ನಿಗೇರಿಸಿ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತುವುದು, ಇಳಿಯುವುದು. ನಾಲ್ಕನೇ ದಿನ ಸೆಕ್ಯೂರಿಟಿಯವನು ತಡೆದ.

"ಸಾರ್, ಬ್ಯಾಗಲ್ಲಿ ಏನೈತಿ?"

"ಅಕ್ಕಿ."

"ಯಾವ ಊರಿಗೆ ಹೊಂಟೀರಿ?"

"ಎಲ್ಲಿಗೂ ಇಲ್ಲ."

ಆ ಉತ್ತರ ಕೇಳಿದ ಮೇಲೆ ಯಾರು ತಾನೇ ಸುಮ್ಮನೆ ಬಿಡುತ್ತಾರೆ? ಚೀಲ ಬಿಚ್ಚಿಸಿ ಕೈ ಹಾಕಿ ನೋಡಿದ. ನಿಜವಾಗಿ ಅಕ್ಕಿಯೇ ಇದ್ದದ್ದರಿಂದ ಅವನ ಅನುಮಾನ ಇನ್ನೂ ಹೆಚ್ಚಾಯಿತು. ಮಾರನೇ ದಿನದಿಂದ ಭಾವ ಪಾದಚಾರಿ ಸೇತುವೆಗೆ ವಲಸೆ ಹೋದರು.

ಆಯುಧಪೂಜೆಗೆ ಮೆಷಿನ್ನುಗಳ ಸಾಲಿನಲ್ಲೇ ತಮ್ಮ ಚೀಲವನ್ನೂ ನಿಲ್ಲಿಸಿ, ಹಾರ ಹಾಕಿ, ಅರಿಶಿನ ಕುಂಕುಮ ಹಚ್ಚಿಸಿದರು. ಸಂಜೆ ಮನೆಗೆ ತಂದು ತೂಗಿದರೆ ನಾಲ್ಕು ಗ್ರಾಂ ಹೆಚ್ಚು! ಹಿಡಿ ತುಂಡಾದ ಆ ಮೋಟು ಬ್ರಷ್ಷಿನಿಂದಲೇ ದೇವರ ಕುಂಕುಮವನ್ನು ಭಕ್ತಿಯಿಂದ ಉಜ್ಜಿ ತೆಗೆದರು.

ನಾವೆಲ್ಲ ನಕ್ಕೆವು. ಅಕ್ಕ ನಗಲಿಲ್ಲ. ಆಮೇಲಾಮೇಲೆ ಆಕೆ ಭಾವನ ಜೊತೆ ಮಾತೇ ಕಡಿಮೆ ಮಾಡಿದಳು. ಒಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿದಳು: "ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು ಕಣೋ. ಬ್ರಷ್ಷು, ಚಮಚ, ಟವೆಲ್ಲು ಎಲ್ಲಾನೂ ಕರ್ಕೊಂಡು ಹೋಗ್ತಾರಂತೆ. ನೀನೂ ಬರ್ತೀಯಾ ಅಂತ ನನ್ನನ್ನ ಒಂದು ಮಾತು ಕೇಳಿದಾರಾ, ನೀನೇ ಕೇಳ್ಕೊಂಡು ಬಾ."

ಗಂಡಹೆಂಡಿರ ಮಧ್ಯೆ ಹೋಗಬಾರದು ಅನ್ನುವಷ್ಟು ಬುದ್ಧಿ ನನಗಿದೆ. ಆದರೂ ಅಕ್ಕನ ಮುಖ ನೋಡಿ ಹೊರಟೆ. ಊಟದ ಬಿಡುವಿನಲ್ಲಿ ಕಾರ್ಖಾನೆ ಗೇಟಿನ ಹತ್ತಿರ ಭಾವ ಸಿಕ್ಕರು. ನೇರವಾಗಿ ಕೇಳಿಬಿಟ್ಟೆ: "ಅಕ್ಕನ್ನ ಬಿಟ್ಟು ಒಬ್ರೇ ಹೋಗ್ತಿದೀರಾ?"

ಅವರು ಗಾಬರಿಯಾಗಿ ನನ್ನನ್ನೇ ನೋಡಿದರು. "ಒಬ್ನೇ ಹೋಗೋದಾದ್ರೆ ಬ್ರಷ್ ಯಾಕೋ ಕತ್ತರಿಸ್ತಿದ್ದೆ?"

ನನಗೆ ತಲೆಬುಡ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. "ಗಾರ್ಮೆಂಟ್ಸಲ್ಲಿ ಹೊಲಿದು ಹೊಲಿದು ಅವಳ ಭುಜ ಹೋಗಿದೆ. ನಡೀತಾಳೆ, ನನಗಿಂತ ಜೋರಾಗಿ ನಡೀತಾಳೆ. ಆದ್ರೆ ಒಂದು ಕಿಲೋನೂ ಹೊರೋಕಾಗಲ್ಲ. ಇಬ್ಬರದೂ ನಾನೇ ಹೊರಬೇಕು. ನನ್ನ ಬೆನ್ನು ತಡೆಯೋದು ಹದಿನೆಂಟೇ ಕಿಲೋ."

"ಅದನ್ನ ಅವಳಿಗೆ ಹೇಳಬಾರ್ದಾ ಭಾವ?"

"ಇನ್ನೂ ಮುನ್ನೂರ ನಲವತ್ತು ಗ್ರಾಂ ಜಾಸ್ತಿ ಇದೆ ಕಣೋ. ಬಾ ಅಂತ ಕರೆದು, ಆಸೆ ಹುಟ್ಟಿಸಿ, ಆಮೇಲೆ ಆಗಲ್ಲ ಅನ್ನೋದಾ?"

ನನಗೆ ನಾಚಿಕೆಯಾಯಿತು. ಎರಡು ವರ್ಷ ನಾನು ನಕ್ಕಿದ್ದು ಇದಕ್ಕೇ ಅಲ್ಲವೇ!

ಸಂಜೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಆಕೆ ಮೂಲೆಯಲ್ಲಿದ್ದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಒಳಮಗ್ಗುಲು ಹೊರಗೆ ಮಾಡಿ, ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದಳು. ಆಮೇಲೆ ಪುಟ್ಟ ಕತ್ತರಿ ತೆಗೆದುಕೊಂಡು ದಾರ ಬಿಚ್ಚತೊಡಗಿದಳು.

"ಈ ಒಳಬಟ್ಟೆ, ಈ ಬೇಡದ ಪಟ್ಟಿ ತೆಗೆದ್ರೆ ಮುನ್ನೂರ ನಲವತ್ತೇನು, ನಾನೂರು ಇಳಿಯುತ್ತೆ," ಅಂದಳು. ಕಣ್ಣು ತುಂಬಿ ಬಂದು ದಾರ ಕಾಣದೆ ಒಂದು ಗಳಿಗೆ ಕೈ ನಿಲ್ಲಿಸಿದಳು. "ಹೊಲಿಯೋಳನ್ನ ಮನೇಲಿಟ್ಕೊಂಡು ಎರಡು ವರ್ಷ ಚಮಚಕ್ಕೆ ತೂತು ಕೊರೀತಾ ಕೂತಿದಾರಲ್ಲೋ!"