ಮಾಳೇಶನ ಎಡೆಗೆ ಮಟನ್ ಡಬ್ಬಿ

ನಮ್ಮದು ಸೋಮವಾರ ಉಳ್ಳಾಗಡ್ಡಿಗೂ ರಜೆ ಕೊಡುವ ಮನೆ. ಇಂಥ ಮನೆಯ ಪುಸ್ತಕದ ಕಪಾಟಿನಲ್ಲಿ, ನಿಘಂಟಿನ ದಪ್ಪ ಸಂಪುಟಗಳ ಹಿಂದೆ, ನಾನು ಇಪ್ಪತ್ತೈದು ವರ್ಷ ಒಂದು ಮಟನ್ ಡಬ್ಬಿಯನ್ನು ಬಚ್ಚಿಟ್ಟಿದ್ದೆ. ನಿಘಂಟನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವುದಿಲ್ಲ ಎಂಬ ಧೈರ್ಯ. (ಚಿಕ್ಕೋಡಿಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಗ್ರಂಥಪಾಲಕನಾಗಿದ್ದವನಿಗೆ ಇಂಥ ಧೈರ್ಯ ತಾನಾಗಿ ಬರುತ್ತದೆ.)

ಡಬ್ಬಿ ನನ್ನ ಗೆಳೆಯ ಮಾಳೇಶನದು. ಅಥಣಿಯ ಹೈಸ್ಕೂಲಿನಲ್ಲಿ ನಮ್ಮಿಬ್ಬರದು ಒಂದೇ ಬೆಂಚು. ಐಗಳಿಯ ಕುರಿಗಾರರ ಮನೆಯ ಅವನು ಸೈನ್ಯ ಸೇರಿದ, ನಾನು ಪುಸ್ತಕದ ಧೂಳು ಸೇರಿದೆ. ತೊಂಬತ್ತೊಂಬತ್ತರ ಯುದ್ಧ ಮುಗಿಸಿ ರಜೆಗೆ ಬಂದಾಗ ರೇಷನ್ನಿನಲ್ಲಿ ಉಳಿದ ಈ ಡಬ್ಬಿಯನ್ನು ನನ್ನ ಕೈಗಿಟ್ಟು, “ಇದು ನಿನ್ನ ಹಂತ್ಯಾಕ ಇರ್ಲಿ ಸಿದ್ದಲಿಂಗ. ನಮ್ಮ ಮನ್ಯಾಗ ಇಟ್ರ ನಮ್ಮಣ್ಣ ಒಡದು ತಿಂತಾನ” ಎಂದಿದ್ದ.

ಆಮೇಲೆ ಸಿಕ್ಕಾಗಲೆಲ್ಲ ಅದರದೇ ಕಥೆ. ಹೊಗೆ ಕಂಡರೆ ಗುಂಡು ಬರುವ ಎತ್ತರ, ಹಾಗಾಗಿ ಒಲೆ ಹೊತ್ತಿಸುವಂತಿಲ್ಲ. ಡಬ್ಬಿಯೊಳಗಿನ ಮಾಂಸ ಇಟ್ಟಿಗೆಯಂತೆ ಹೆಪ್ಪುಗಟ್ಟಿರುತ್ತಿತ್ತು. “ಕೋಟಿನ ಒಳಗ ಕಂಕುಳಾಗ ಇಟ್ಕೊಂಡು, ಕೋಳಿ ಕಾವು ಕುಂತಂಗ ಕುಂದರತಿದ್ವಿಲೇ. ಎರಡ ತಾಸಿಗೆ ಒಂದು ತುಣುಕು ಬಿಡತಿತ್ತು!” ನಾಲ್ವರಿಗೆ ಒಂದು ಡಬ್ಬಿ, ಒಂದೇ ಚಮಚ. ಖಾಲಿಯಾದ ಡಬ್ಬಿಯಲ್ಲಿ ಹಿಮ ಕರಗಿಸಿ ಕುಡಿಯುವುದು. ನಾನು ಬಾಯಿ ತೆರೆದು ಕೇಳುತ್ತಿದ್ದೆ.

ಮೊನ್ನೆ ಮಾಳೇಶ ಹೋದ. ಎದೆ ನೋವು ಎಂದ, ಅರ್ಧ ಲೋಟ ನೀರು ಕುಡಿದ, ಹೋದ. ಮಣ್ಣು ಕೊಡುವಾಗ ನನಗೆ ಅಳು ಬರಲಿಲ್ಲ. ಅವನಿಗಾಗಿ ಏನಾದರೂ ಒಂದು ಕೆಲಸ ಮಾಡಬೇಕು ಎಂಬ ಹಟವೊಂದೇ ಬಂತು. ಮೂರನೆಯ ದಿನ ಸಮಾಧಿಯ ಮುಂದೆ ಎಡೆ ಇಡುತ್ತಾರೆ. ಕಾಗೆ ಮುಟ್ಟಿದರೆ ಸತ್ತವನ ಆಸೆ ತೀರಿದಂತೆ. ಮುಟ್ಟದಿದ್ದರೆ ಏನೋ ಉಳಿದಿದೆ ಎಂದರ್ಥ, ಅಲ್ಲಿಯವರೆಗೆ ಯಾರೂ ಊಟಕ್ಕೆ ಏಳುವಂತಿಲ್ಲ. ಮಾಳೇಶನ ಆಸೆ ಏನೆಂಬುದು ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಡಬ್ಬಿ ಎಡೆಯಲ್ಲಿರಲೇಬೇಕು ಎಂದು ನಿರ್ಧರಿಸಿದೆ.

ಬೆಳಿಗ್ಗೆ ಕಪಾಟಿಗೆ ಕೈ ಹಾಕಿದ್ದೇ ತಡ, ಬೆನ್ನ ಹಿಂದೆ ನನ್ನ ಹೆಂಡತಿ ಶೈಲಾ.

“ಏನ್ರಿ ಅದು?”

“ಸೈನ್ಯದ ಸಾಮಾನು.”

“ಒಳಗ ಏನೈತಿ?”

“ಆಹಾರ.”

“ಎಂಥಾ ಆಹಾರ?”

“ಐತಿಹಾಸಿಕ ಆಹಾರ.”

ಡಬ್ಬಿಯ ಮೇಲಿನ ಹಿಂದಿ ಅಕ್ಷರಗಳನ್ನು ಅವಳು ಕೂಡಿಸಿ ಓದಿದಳು. “ಅಯ್ಯ ಶಿವನ! ಕಪಾಟಿನ ಮ್ಯಾಲ ಬಸವಣ್ಣನ ಫೋಟೋ, ಒಳಗ ಕುರಿ! ಇಪ್ಪತ್ತೈದ ವರ್ಷ ನಾ ಕುರಿಗೆ ಊದಿನಕಡ್ಡಿ ಬೆಳಗೇನಲ್ರಿ!”

“ಮಾಳೇಶನ ಆಸೆ ಅದು, ಶೈಲಾ.”

ಅವಳು ಅಡುಗೆಮನೆಯಿಂದ ಇಕ್ಕಳ ತಂದು, ಡಬ್ಬಿಯನ್ನು ಹಾವು ಹಿಡಿದಂತೆ ಹಿಡಿದು, ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟಳು. “ಒಯ್ರಿ. ಇಕ್ಕಳಾನೂ ಅಲ್ಲೇ ಬಿಟ್ಟ ಬರ್ರಿ.”

ಐಗಳಿ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಹೊಲದ ಬದುವಿನಲ್ಲಿ ಸಮಾಧಿ, ಅದರ ಮುಂದೆ ಎಡೆ: ಅನ್ನ, ಹೋಳಿಗೆ, ಚಹಾ, ಒಂದು ಮುಚ್ಚಳ ರಮ್. ಬೇವಿನ ಮರದಲ್ಲಿ ಹನ್ನೊಂದು ಕಾಗೆಗಳು ತೀರ್ಪು ಕಾದಿರಿಸಿದ ನ್ಯಾಯಾಧೀಶರಂತೆ ಕೂತಿದ್ದವು. ಒಂದೂ ಇಳಿದಿರಲಿಲ್ಲ. ಮಾಳೇಶನ ಹೆಂಡತಿ ತಾರವ್ವ ಎರಡು ತಾಸಿನಿಂದ ಕೈ ಮುಗಿದೇ ಇದ್ದಳು. “ಏನ ಉಳದೈತಿ, ಕನಸಿನ್ಯಾಗರ ಬಂದು ಹೇಳಬಾರದ?” ಎಂದು ಸಮಾಧಿಯನ್ನು ಕೇಳುತ್ತಿದ್ದಳು. ಅವಳ ಮುಖ ನೋಡಿ ನನ್ನ ನಿರ್ಧಾರ ಕಬ್ಬಿಣವಾಯಿತು.

“ನನಗೆ ಗೊತ್ತು” ಎಂದು ಡಬ್ಬಿ ತೆಗೆದೆ.

“ಮಾಸ್ತರ, ಡಬ್ಬಿ ಅಂದ್ರ ಅವರು...” ಎಂದಳು ತಾರವ್ವ.

“ನೀನು ಚಿಂತಿ ಮಾಡಬ್ಯಾಡ ತಾರವ್ವ, ನನಗ ಎಲ್ಲಾ ಗೊತ್ತೈತಿ.”

ಮಾಳೇಶನ ಅಣ್ಣ ಕಾಡಸಿದ್ದ ಡಬ್ಬಿಯನ್ನು ತಿರುಗಿಸಿ ನೋಡಿದ. ಅವನು ಹುಟ್ಟಾ ಕುರಿಗಾರ. “ಗಬ್ಬದ ಕುರಿ ಹಂಗ ಹೊಟ್ಟಿ ಬಂದೈತಲ್ರಿ. ಇವತ್ತ ನಾಳಿ ಈಯತೈತಿ ಇದು.”

ತೆರೆಯುವ ಸಾಧನ ಯಾರ ಬಳಿಯೂ ಇರಲಿಲ್ಲ. ನಾನು ಧೈರ್ಯಗೆಡಲಿಲ್ಲ. ಮಾಂಸವನ್ನು ತಗಡಿನ ಡಬ್ಬಿಯಲ್ಲಿ ತುಂಬಿ ಸೈನಿಕರಿಗೆ ಕಳಿಸುವ ಯುಕ್ತಿ ಎರಡು ಶತಮಾನಗಳ ಹಿಂದೆ ಯುರೋಪಿನ ಯುದ್ಧಗಳ ಕಾಲದಲ್ಲಿ ಹುಟ್ಟಿತೆಂದೂ, ಅದನ್ನು ತೆರೆಯುವ ಉಪಕರಣ ಬರಲು ಮತ್ತೆ ನಾಲ್ಕೈದು ದಶಕ ಹಿಡಿಯಿತೆಂದೂ, ಅಲ್ಲಿಯವರೆಗೆ ಸಿಪಾಯಿಗಳು ಉಳಿ, ಬಾಯೊನೆಟ್ಟುಗಳಿಂದ ಚುಚ್ಚಿ ತಿಂದರೆಂದೂ ಹಸಿದ ಸಭೆಗೆ ವಿವರಿಸಿದೆ.

“ಇತಿಹಾಸ ಆಮ್ಯಾಲ ಹೇಳ್ರಿ, ಮೊದಲ ಕೊಡ್ಲಿ ತರಸ್ರಿ” ಎಂದ ಊರ ಹಿರಿಯ ಧರೆಪ್ಪ.

ಕೊಡಲಿ ಬಂತು. ಗೆಳೆಯನ ಹಕ್ಕಿನಿಂದ ನಾನೇ ಎತ್ತಿ ಹೊಡೆದೆ.

ಡಬ್ಬಿ ಈಯಿತು. ಕಾಲು ಶತಮಾನದ ರಸವೆಲ್ಲ ಫೂತ್ಕರಿಸಿ ನನ್ನ ಬಿಳಿ ಅಂಗಿ, ಕನ್ನಡಕ, ಬೋಳುತಲೆಗಳ ಮೇಲೆ ಅಭಿಷೇಕವಾಯಿತು. ವಾಸನೆಗೆ ಸಭೆ ಹತ್ತು ಹೆಜ್ಜೆ ಹಿಂದೆ ಸರಿಯಿತು. ಧರೆಪ್ಪನಂತೂ ಹದಿನೈದು.

ಸೆರಗನ್ನು ಮೂಗಿಗೆ ಹಿಡಿದು ತಾರವ್ವ ಮಾತು ಮುಗಿಸಿದಳು: “ಡಬ್ಬಿ ಅಂದ್ರ ಅವರಿಗೆ ವಾಕರಿಕಿ ಬರತಿತ್ರಿ, ಮಾಸ್ತರ. ಕಣ್ಣ ಮುಂದ ಇರಬಾರದಂತ ನಿಮಗ ಕೊಟ್ರು.”

“ಮತ್ತ ಇಷ್ಟ ವರ್ಷ ಅದರ ಕಥೀನ ಹೇಳತಿದ್ನಲ್ಲ?”

“ಕಥಿ ಸೇರತಿದ್ದುದು ನಿಮಗಲ್ಲೇನ್ರಿ? ‘ಸಿದ್ದಲಿಂಗ ಬರಾಕತ್ತಾನ, ಡಬ್ಬಿ ಕಥಿಗೆ ಹೊಸಾ ಒಗ್ಗರಣಿ ಹಾಕಬೇಕು’ ಅಂತಿದ್ರು.”

ನಾನು ಇದನ್ನು ಅರಗಿಸಿಕೊಳ್ಳುವ ಮೊದಲೇ ಬೇವಿನ ಮರದಿಂದ ಒಂದು ಕಾಗೆ ಇಳಿದು ಬಂತು. ಎಡೆಯ ಮೇಲಲ್ಲ, ನನ್ನ ತಲೆಯ ಮೇಲೆ. ಒಂದು ಏಟು ಕುಕ್ಕಿ ಹಾರಿತು.

“ತಲಿ ಮುಟ್ಟಿತು! ಗಂಡಾಂತರ!” ಎಂದು ಧರೆಪ್ಪ ದೂರದಿಂದಲೇ ಕೂಗಿದ. ಕಾಗೆ ತಲೆಗೆ ಬಡಿದರೆ ನಮ್ಮ ಕಡೆ ಪರಿಹಾರ ಒಂದೇ. ಬಡಿಸಿಕೊಂಡವನು ಸತ್ತನೆಂದು ಆಪ್ತರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಎರಡು ಹನಿ ಅತ್ತರೆ ಗಂಡಾಂತರ ಕಳೆಯುತ್ತದೆ. ಕಾಡಸಿದ್ದ ನನ್ನ ಫೋನನ್ನೇ ಎರಡು ಬೆರಳಲ್ಲಿ ಇಸಿದುಕೊಂಡು, ಶೈಲಾಗೆ ಹಚ್ಚಿ, ಸ್ಪೀಕರ್ ಹಾಕಿದ.

“ಬಾಯಾರ, ಹೆಂಗ ಹೇಳ್ಲಿ... ಮಾಸ್ತರ ತೀರಕೊಂಡ್ರು.”

ಅತ್ತ ಕಡೆಯಿಂದ ಶೈಲಾ ಕೇಳಿದಳು: “ಕಾಗಿ ಬಡೀತೇನು ಅವರಿಗೆ?”

“ಹಂಗಲ್ರಿ, ಖರೇನ...”

ನಮ್ಮ ಮಗಳು ಕೋಮಲಳ ದನಿ ನಡುವೆ ಬಂತು: “ಕಾಕಾ, ನೀವು ಪಪ್ಪಾನ ಫೋನಿನ್ಯಾಗ ಮಾತಾಡಾಕತ್ತೀರಿ. ಹಿಂದ ಪಪ್ಪಾ ಕೆಮ್ಮೂದು ಕೇಳಸಾಕತ್ತೈತಿ.”

“ಎರಡ ಹನಿ ಅಳ್ರಿ ಬಾಯಾರ, ಅವರ ಜೀವಕ್ಕ ಚಲೋ!”

“ಕುರಿಗೆ ಊದಿನಕಡ್ಡಿ ಹಚ್ಚಿಸ್ಯಾರ ನನ್ನ ಕೈಲೆ. ಅಳು ಎಲ್ಲಿಂದ ಬರಬೇಕು?” ಎಂದು ಶೈಲಾ ಫೋನ್ ಇಟ್ಟಳು.

ಧರೆಪ್ಪ ಬಿಡುವವನಲ್ಲ. “ಬ್ಯಾರೆ ಖಾಸಾ ಮನಿಷ್ಯಾ ಯಾರ ಅದಾರ ಹೇಳ್ರಿ. ನೀವು ಹ್ವಾದ್ರಂದ್ರ ಬಿದ್ದು ಹೊರಳಾಡಿ ಅಳಬೇಕು, ಅಂಥಾವರು.”

ಹೆಸರು ಹೇಳಲು ಬಾಯಿ ತೆರೆದೆ. ಅಂಥವನು ಒಬ್ಬನೇ ಇದ್ದ. ಸುದ್ದಿ ಸುಳ್ಳೆಂದು ಗೊತ್ತಿದ್ದರೂ ಮೊದಲು ಅತ್ತು, ಆಮೇಲೆ ಬೈದು, ಮೋಟರ್‌ಸೈಕಲ್ ಹತ್ತಿ ಬರುತ್ತಿದ್ದ. ಅವನೀಗ ನನ್ನ ಕಾಲ ಬುಡದಲ್ಲಿ ಹಸಿ ಮಣ್ಣಿನ ಕೆಳಗಿದ್ದ. ಮೂರು ದಿನ ತಡೆದದ್ದು ಆಗ ಒಡೆಯಿತು. ಕನ್ನಡಕ ತೆಗೆದು, ಎಲ್ಲರೆದುರು, ಮಕ್ಕಳಂತೆ ಬಿಕ್ಕಿ ಬಿಕ್ಕಿ ಅತ್ತೆ.

“ಸತ್ತಾಂವನ ತಾನ ಅತ್ರ ಲೆಕ್ಕಕ್ಕ ಬರಂಗಿಲ್ರಿ” ಎಂದ ಧರೆಪ್ಪ.

ಅಷ್ಟರಲ್ಲಿ ಕಾಡಸಿದ್ದ ಕೂಗಿದ: “ಮುಟ್ಟಿತು! ಮುಟ್ಟಿತು!” ಎಲ್ಲರೂ ನನ್ನನ್ನೇ ನೋಡುತ್ತಿದ್ದಾಗ ಕಾಗೆಗಳು ಸದ್ದಿಲ್ಲದೆ ಇಳಿದು ಹೋಳಿಗೆಗೆ ಬಾಯಿ ಹಾಕಿದ್ದವು.

ತಾರವ್ವ ಮುಗಿದ ಕೈ ಬಿಟ್ಟಳು. “ಅವರಿಗೆ ಬೇಕಾಗಿದ್ದು ಇದ ನೋಡ್ರಿ, ಮಾಸ್ತರನ ಫಜೀತಿ” ಎಂದು ಸೆರಗಿನ ಮರೆಯಲ್ಲಿ ಮೂರು ದಿನದಲ್ಲಿ ಮೊದಲ ಸಲ ನಕ್ಕಳು. ಊಟದ ಪಂಕ್ತಿಯಲ್ಲಿ ನನ್ನನ್ನು ಗಾಳಿ ಬೀಸುವ ದಿಕ್ಕು ನೋಡಿ ಒಬ್ಬನನ್ನೇ ಕೂಡಿಸಿದರು.

ಸಂಜೆ ಮನೆಗೆ ಬಂದಾಗ ಶೈಲಾಳ ಕಣ್ಣು ಕೆಂಪಗೆ ಊದಿದ್ದವು. ನನ್ನ ಎದೆ ಉಬ್ಬಿತು.

“ನನ್ನ ಸುದ್ದಿ ಕೇಳಿ ಅತ್ತಿಯಲ್ಲ?”

“ನಿಮಗ ಯಾಕ ಅಳ್ಲಿ?” ಮೂಗು ಒರೆಸಿಕೊಂಡಳು. “ಫೋನ್ ಇಟ್ಟೆ, ಮಾಳೇಶಣ್ಣನ ನೆನಪಾತು. ಇದನ್ನ ಕೇಳಿ ಹೊಟ್ಟಿ ಹಿಡಕೊಂಡ ನಗಾಕ ಅವನ ಇಲ್ಲಲ್ಲ ಅಂತ ಅತ್ತೆ. ನಿಮ್ಮ ಗಂಡಾಂತರ ಇದ್ದಲ್ಲೇ ಐತಿ. ಹಿತ್ತಲಕ್ಕ ನಡೀರಿ, ನೀರ ಕಾದಾವ.”