ನೋವಿನ ಆಸ್ಪತ್ರೆಯ ಕಬ್ಬಿಣದ ಕುರ್ಚಿಯವರಿಗೆ

ಮಂಡ್ಯದ ನೋವಿನ ಆಸ್ಪತ್ರೆಯೊಂದರಲ್ಲಿ, ಫ್ಯಾನಿನ ಕೆಳಗೆ ವಿರಾಜಮಾನರಾಗಿರುವ ಶ್ರೀ ಕಬ್ಬಿಣದ ಕುರ್ಚಿಯವರ ನಾಲ್ಕೂ ಪಾದಾರವಿಂದಗಳಿಗೆ, ಬೆಳಕವಾಡಿಯಲ್ಲಿ ರವಿಕೆ ಹೊಲಿದು ಬದುಕುವ ವೀಣ ನಿಂತಲ್ಲಿಂದಲೇ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಕ್ಷೇಮ ಕೇಳುವ ಅಗತ್ಯವಿಲ್ಲ, ತಮಗೆ ನರಗಳಿಲ್ಲ. ನನಗಿವೆ. ಅವುಗಳಲ್ಲಿ ಕೂರುವ ಜಾಗದ ಒಳಗಿರುವ ಒಂದು ನರ, ಒಂದೂವರೆ ವರ್ಷದಿಂದ, ನಾನು ಕೂತೊಡನೆ ಕೆಂಡದಂತೆ ಉರಿಯುತ್ತದೆ. ಕೇರಿಯವರೆಲ್ಲ ಸೇರಿ ಇದನ್ನು ಮೂಲವ್ಯಾಧಿಯೆಂದು ತೀರ್ಮಾನಿಸಿ ಸುವರ್ಣಗೆಡ್ಡೆ ತಂದುಕೊಟ್ಟರು. ತಿಂದದ್ದಾಯಿತು, ನರಕ್ಕೆ ಆ ಸುದ್ದಿಯೇ ಮುಟ್ಟಲಿಲ್ಲ. ನಿಂತು ತುಳಿಯಲಾಗದ ನನ್ನ ಹೊಲಿಗೆ ಮಿಷನ್ನು ಹಳೇ ಸೀರೆ ಹೊದ್ದು ಮೂಲೆ ಸೇರಿದೆ.

ಚೀಟಿ ಹಿಡಿದವರು ಕುರ್ಚಿ ಬಿಟ್ಟೆದ್ದರೆ ಸರದಿ ಹೋಯಿತು ಎಂಬುದು ತಮ್ಮ ಸನ್ನಿಧಿಯ ನಿಯಮ. ಕೂರಲಾಗದವರು ಕೂತೇ ಕಾಯಬೇಕೆಂಬ ಈ ಜಾಣ್ಮೆಯನ್ನು ಯಾವ ಬಾಯಿಂದ ಹೊಗಳಲಿ! ಮೊನ್ನೆ ಆ ನರಕ್ಕೆ ಸೂಜಿ ಹಾಕಿಸಲು ಬಂದಾಗ ನಮ್ಮ ಯಜಮಾನರಾದ ಮಹದೇವು, ಬಸ್ಸಿನಲ್ಲಿ ಸೀಟು ಹಿಡಿಯುವ ನಮ್ಮ ಕಡೆಯ ಪದ್ಧತಿಯಂತೆ, ತಮ್ಮ ಮೇಲೆ ಟವೆಲ್ ಹಾಸಿದರು. ಬಾಗಿಲು ಕಾಯುವ ಲಿಂಗಯ್ಯನವರು ಅದನ್ನೆತ್ತಿ, “ಸೂಜಿ ಟವಲ್ಗೆ ಚುಚ್ಬೇಕೇನಪ್ಪ?” ಎಂದರು. ಹಲ್ಲು ಕಚ್ಚಿ ಕೂತೆ.

ಸೂಜಿಯಿಂದಲೇ ಅನ್ನ ಕಂಡವಳಾದ್ದರಿಂದ ಸೂಜಿಗೆ ಹೆದರಲಿಲ್ಲ. ಡಾಕ್ಟರ್ ಶಶಿಧರ್ ಆ ನರದ ಬುಡಕ್ಕೆ ಮರಗಟ್ಟಿಸುವ ಔಷಧಿ ಕೊಟ್ಟು, ಇದು ಕೆಲವೇ ಗಂಟೆ ಇರುತ್ತದೆ, ಅಷ್ಟರೊಳಗೆ ಕೂತು ನೋಡಿ, ಉರಿ ಬಾರದಿದ್ದರೆ ಕಳ್ಳ ಇದೇ ನರ, ಮುಂದಿನ ಚಿಕಿತ್ಸೆ ಅದಕ್ಕೇ ಎಂದರು. ಆಸೆಯಿಂದ ಹೊರಬಂದರೆ ತಾವು ಆಗಲೇ ಬೇರೊಬ್ಬರನ್ನು ಹೊತ್ತಿದ್ದಿರಿ, ಸೂಜಿಯಾದವರಿಗೆ ಕುರ್ಚಿಯಿಲ್ಲವಂತೆ.

ಕಿಕ್ಕಿರಿದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಮಹದೇವು ಒಂದು ಸೀಟು ಹಿಡಿದರು. ಹಿಡಿದವರೇ ರೂಢಿಯಂತೆ ಪಕ್ಕದ ಅಜ್ಜಿಗೆ, “ನೀ ಕೂತ್ಕಳವ್ವ, ನಮ್ಮನೆಯವ್ಳು ಕೂರಾಕಿಲ್ಲ” ಎಂದುಬಿಟ್ಟರು. ರೂಢಿಯಂತೆ ನಾನೂ ತಲೆಯಾಡಿಸಿದೆ. ಇಬ್ಬರಿಗೂ ನೆನಪಾಗುವ ಹೊತ್ತಿಗೆ ಮದ್ದೂರು ಬಂದಿತ್ತು, ಅಜ್ಜಿಗೆ ನಿದ್ದೆ ಹತ್ತಿತ್ತು. ಮಳವಳ್ಳಿ ದಾಟಿ ಊರು ಸೇರಿ, ಮಿಷನ್ನಿನ ಸೀರೆ ಸರಿಸಿ ಕೂತರೆ ಮರಗಟ್ಟಿದ್ದು ಇಳಿದು ಉರಿ ವಾಪಸು ಬಂದಿತ್ತು. ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತೆ. “ಕೂತಾಗ ಹೇಗಿತ್ತಮ್ಮ?” ಎಂದು ಆಮೇಲೆ ಡಾಕ್ಟರು ಕೇಳಿದಾಗ, ಮರಗಟ್ಟಿದ್ದಷ್ಟು ಹೊತ್ತೂ ಕೂರಲೇ ಇಲ್ಲವೆಂದು ಒಪ್ಪಿಕೊಂಡೆ. ಹಾಗಾದರೆ ಬರುವ ಬುಧವಾರ ಮತ್ತೆ ಅದೇ ಸೂಜಿ ಎಂದರು.

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ಅಂದು ನನ್ನ ಬದಲು ತಾವೇ ಚೀಟಿ ಹಿಡಿದು ಕಾಯಬೇಕು, ಸೂಜಿಯಾದ ಮೇಲೆ ಬಸ್ ಹತ್ತಿ ಬೆಳಕವಾಡಿಯವರೆಗೆ ನನ್ನ ಹಿಂದೆಯೇ ಬರಬೇಕು. ಇದು ಕಷ್ಟವಾದರೆ ಒಂದೇ ಒಂದು ನರವನ್ನಾದರೂ ಬೆಳೆಸಿಕೊಳ್ಳಬೇಕು. ಬೇರೆಲ್ಲೂ ಸಿಗದಿದ್ದರೆ ನನ್ನದನ್ನೇ ಕೊಡುತ್ತೇನೆ.

ಇಂತಿ, ಬೇಡವಾದಾಗ ಕೂರಿಸಿಕೊಂಡು ಬೇಕಾದಾಗ ಕೈಬಿಟ್ಟ ತಮ್ಮ ವಿಶ್ವಾಸಿ,
ವೀಣ

ವಿ.ಸೂ.: ತಮ್ಮ ಉತ್ತರ ಬಾರದಿದ್ದರೂ ಚಿಂತೆಯಿಲ್ಲ. ಬುಧವಾರ ನನ್ನ ಮಿಷನ್ನಿನ ಸ್ಟೂಲನ್ನೇ ಮಹದೇವು ಹೆಗಲ ಮೇಲೆ ಹೊತ್ತು ತರುತ್ತಾರೆ. ಸೂಜಿಯಾದ ಕೂಡಲೇ ತಮ್ಮ ಎದುರಿಗೇ ಅದನ್ನು ಹಾಕಿಕೊಂಡು ಕೂರುತ್ತೇನೆ. ಉರಿ ಬಾರದಿದ್ದರೆ, ಒಂದೂವರೆ ವರ್ಷದಿಂದ ಕೂರದ ಹೆಂಗಸನ್ನು ಎಬ್ಬಿಸುವುದು ಎಷ್ಟು ಸುಲಭವೆಂದು ಲಿಂಗಯ್ಯನವರೂ ಒಮ್ಮೆ ನೋಡಲಿ.